ಮೊದಲು ಕಾಗದ ನೆನೆಯಲಿ

ನಮ್ಮ ಚಿತ್ರಕಲೆ ಮೇಷ್ಟ್ರು ತೀರಿಕೊಂಡ ಮೇಲೆ, ಈ ಸಂಚಿಕೆಗೆ ಅವರ ಬಗ್ಗೆ ಬರೆದುಕೊಡಿ ಎಂದು ಕಾಲೇಜಿನವರು ಕೇಳಿದರು. ಶಿಕ್ಷಕರ ತರಬೇತಿಯಲ್ಲಿ ಓದಿದ ಪಠ್ಯದಲ್ಲಿ ಮುಕ್ಕಾಲು ಭಾಗ ಇವತ್ತು ಯಾರಿಗೂ ನೆನಪಿರಲಾರದು. ಮೇಷ್ಟ್ರು ಕೈಹಿಡಿದು ಕಲಿಸಿದ ಕೆಲಸದ ಕ್ರಮ ಮಾತ್ರ ಹಾಗೇ ಉಳಿದಿದೆ. ಬರೀ ಹೊಗಳಿಕೆ ಬರೆದರೆ ಅವರಿಗೇ ಹಿಡಿಸುತ್ತಿರಲಿಲ್ಲ. ಆದ್ದರಿಂದ ಆ ಕ್ರಮವನ್ನೇ ಬರೆದಿಡುತ್ತೇನೆ, ಈಗ ಶಿವಮೊಗ್ಗದಲ್ಲಿ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಅದು ಉಪಯೋಗಕ್ಕೆ ಬಂದೀತು.

ಸಮಗ್ರ ಶಿಕ್ಷಣದ ಅಡಿಪಾಯ ತರಗತಿಗಳಲ್ಲಿ ಬೆಳಗಿನ ಹೊತ್ತು ಕಲೆಗೆ, ಹನ್ನೊಂದರ ಮೇಲೆ ತತ್ತ್ವಶಾಸ್ತ್ರಕ್ಕೆ ಮೀಸಲಾಗಿತ್ತು. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಮಿಲ್ ಮೋಲ್ಟ್ ತನ್ನ ಸಿಗರೇಟು ಕಾರ್ಖಾನೆಯ ಕಾರ್ಮಿಕರ ಮಕ್ಕಳಿಗಾಗಿ ಮೊದಲ ವಾಲ್ಡಾರ್ಫ್ ಶಾಲೆ ತೆರೆದಾಗ, ಅದರ ಶಿಕ್ಷಕರಿಗೆ ತತ್ತ್ವಜ್ಞಾನಿ ರುಡಾಲ್ಫ್ ಸ್ಟೈನರ್ ಎರಡು ವಾರ ಪಾಠ ಮಾಡಿದ್ದರು. ಅಲ್ಲಿ ಬೆಳಿಗ್ಗೆ ಮನುಷ್ಯನ ಸ್ವರೂಪದ ಮೇಲೆ ಉಪನ್ಯಾಸ, ಆಮೇಲೆ ಬೋಧನಾ ವಿಧಾನ, ಮಧ್ಯಾಹ್ನ ಚರ್ಚೆ. ನಮ್ಮ ಮೇಷ್ಟ್ರು ಆ ಕ್ರಮವನ್ನು ತಿರುಗಿಸಿಕೊಂಡಿದ್ದರು. ಕೈ ಮೊದಲು ಮಾಡಲಿ, ಮಾಡಿದ್ದರ ಬಗ್ಗೆ ಆಮೇಲೆ ಯೋಚಿಸೋಣ ಎಂಬುದು ಅವರ ನಿಲುವು. ಶಿಕ್ಷಕನಾಗುವವನು ಬಣ್ಣದ ಬಗ್ಗೆ ಕೇಳಿ ತಿಳಿದುಕೊಂಡು ಮಕ್ಕಳ ಕೈಗೆ ಬ್ರಷ್ ಕೊಟ್ಟರೆ ಮಗು ಎಲ್ಲಿ ತಡವರಿಸುತ್ತದೆ ಎಂಬುದು ಅವನಿಗೆ ಕಾಣುವುದೇ ಇಲ್ಲ.

ಮೊದಲ ಕೆಲಸ ಹಸಿ ಕಾಗದದ ಮೇಲೆ ಜಲವರ್ಣ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ದಪ್ಪ ಇರಬೇಕು. ತೆಳು ಡ್ರಾಯಿಂಗ್ ಹಾಳೆಯನ್ನು ಸ್ಪಾಂಜಿನಲ್ಲಿ ಒರೆಸಿದರೆ ಮೇಲ್ಮೈ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಅಗಲದ ಟ್ರೇನಲ್ಲಿ ಹತ್ತು ಹದಿನೈದು ನಿಮಿಷ ಕಾಗದ ಪೂರ್ತಿ ಮುಳುಗಿರಬೇಕು. ಎರಡು ಮೂಲೆ ಹಿಡಿದು ಎತ್ತಿ, ನೀರು ಸೋರಿಸಿ, ಪ್ಲೈವುಡ್ ಹಲಗೆಯ ಮೇಲೆ ಹಾಸಿ, ಒದ್ದೆ ಸ್ಪಾಂಜನ್ನು ನಡುವಿನಿಂದ ಅಂಚಿನ ಕಡೆಗೆ ಎಳೆಯಬೇಕು. ಅಡಿಯಲ್ಲಿ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗದಿದ್ದರೆ ಅಲ್ಲಲ್ಲಿ ಗುಳ್ಳೆ ಎದ್ದು ಬಣ್ಣ ಅದರ ಸುತ್ತ ಮಡುಗಟ್ಟುತ್ತದೆ. ಹಲಗೆಯನ್ನು ಕಿಟಕಿಯ ಕಡೆಗೆ ಓರೆ ಹಿಡಿದು ನೋಡಬೇಕು. ಕಾಗದ ಹೊಳೆಯುತ್ತಿದ್ದರೆ ನೀರು ಹೆಚ್ಚಾಗಿದೆ. ಹೊಳಪು ಹೋಗಿ ತಂಪು ಮಾತ್ರ ಉಳಿದಾಗ ಬ್ರಷ್ ಎತ್ತಿಕೊಳ್ಳಬೇಕು.

ಬಣ್ಣ ಮೂರೇ: ಲೆಮನ್ ಯೆಲ್ಲೊ, ಕ್ರಿಮ್ಸನ್, ಪ್ರಷ್ಯನ್ ಬ್ಲೂ. ಬಟಾಣಿ ಗಾತ್ರದ ಬಣ್ಣಕ್ಕೆ ಅರ್ಧ ಟೀ ಲೋಟ ನೀರು. ನೀಲಿಗೆ ಅದರ ಅರ್ಧದಷ್ಟು ಬಣ್ಣ ಸಾಕು, ಅದು ಬಲು ಜೋರು. ಒಂದು ಇಂಚಿನ ಚಪ್ಪಟೆ ಬ್ರಷ್. ಪೆನ್ಸಿಲ್ ಗೆರೆ ಇಲ್ಲ. ಮೊದಲ ವಾರ ಹಳದಿ ಒಂದೇ. ನಡುವೆ ದಟ್ಟವಾಗಿ, ಅಂಚಿಗೆ ಹೋಗುತ್ತಾ ತಿಳಿಯಾಗಿ. ಮುಂದಿನ ವಾರ ಅದೇ ಹಳದಿಯ ಸುತ್ತ ನೀಲಿ. ಎರಡೂ ಸೇರುವ ಕಡೆ ಹಸಿರು ತಾನಾಗಿ ಹುಟ್ಟುವುದನ್ನು ನೋಡುತ್ತಾ ಕೂರಬೇಕು, ಬ್ರಷ್ ಹಾಕಿ ಕಲಸಬಾರದು. ಒಂದೊಂದು ಬಣ್ಣಕ್ಕೂ ಬ್ರಷ್ ತೊಳೆದು ಬಟ್ಟೆಗೆ ಒತ್ತಿ ನೀರು ತೆಗೆಯದಿದ್ದರೆ ಮೂರನೆಯ ಸುತ್ತಿಗೆ ಎಲ್ಲವೂ ಕೆಸರುಬಣ್ಣಕ್ಕೆ ತಿರುಗುತ್ತದೆ.

ಒಂದು ಸಲ ಹಿಂದಿನ ಸಾಲಿನ ಗೆಳೆಯರು ಹಳದಿ ಸೀಸೆಗೆ ಗುಟ್ಟಾಗಿ ಕೆಲವು ಹನಿ ಪ್ರಷ್ಯನ್ ಬ್ಲೂ ಬಿಟ್ಟಿದ್ದರು. ಯಾರು ಮಾಡಿದ್ದೆಂದು ಮೇಷ್ಟ್ರು ಕೇಳಲೇ ಇಲ್ಲ. ಅದೇ ಸೀಸೆಯನ್ನು ಎಲ್ಲರಿಗೂ ಹಂಚಿ, ಅದರ ಪಕ್ಕ ಕೆಂಪು ಹಚ್ಚಿ ಅಂದರು. ಕಿತ್ತಳೆ ಬರಬೇಕಾದ ಕಡೆ ಇಡೀ ತರಗತಿಗೆ ಕಂದು ಬಂತು. "ಈ ಕಂದು ಎಲ್ಲಿಂದ ಬಂತು ಹೇಳ್ರಪ್ಪಾ" ಎಂದು ಕೇಳಿ, ಹಸಿರಿನೊಳಗೆ ಆಗಲೇ ಎರಡು ಬಣ್ಣ ಅಡಗಿವೆ, ಕೆಂಪು ಸೇರಿದರೆ ಮೂರೂ ಕೂಡಿ ಮಂಕಾಗುತ್ತವೆ ಎಂದು ನಮ್ಮ ಬಾಯಿಂದಲೇ ಹೇಳಿಸಿದರು. ತಂಟೆಯನ್ನೇ ಪಾಠ ಮಾಡಿಕೊಳ್ಳುವ ಆ ತಾಳ್ಮೆ ನಾನು ಮತ್ತೆಲ್ಲೂ ನೋಡಲಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಇನ್ನೊಂದು ತೊಡಕಿದೆ. ಬೇಸಿಗೆಯಲ್ಲಿ ಕಾಗದದ ಅಂಚು ಮೊದಲೇ ಒಣಗಿ ಬಣ್ಣ ಅಲ್ಲಿ ಗೆರೆ ಕಟ್ಟಿದರೆ, ಪುನರ್ವಸು ಮಳೆಯ ಹೊತ್ತಿಗೆ ಎರಡು ದಿನವಾದರೂ ಕಾಗದ ಆರುವುದಿಲ್ಲ. ಹಾಗಂತ ಹಲಗೆಯಿಂದ ಕಿತ್ತು ಒಂದರ ಮೇಲೊಂದು ಪೇರಿಸಿದರೆ ಬೂಷ್ಟು ಹಿಡಿಯುತ್ತದೆ. ಹಲಗೆಯ ಮೇಲೇ ಬಿಡಬೇಕು, ಹಲಗೆಗಳ ನಡುವೆ ಗಾಳಿಯಾಡಲು ರೀಪು ಕೊಡಬೇಕು. ಒದ್ದೆಯಲ್ಲೇ ಎಬ್ಬಿಸಿದ ಕಾಗದ ಸೊಟ್ಟಗಾಗುತ್ತದೆ.

ಗೆರೆಯ ಅಭ್ಯಾಸಕ್ಕೆ ಸ್ಕೇಲೂ ಇಲ್ಲ, ರಬ್ಬರೂ ಇಲ್ಲ. ನೆಟ್ಟನೆಯ ಗೆರೆ, ಬಾಗಿದ ಗೆರೆ, ಇವೆರಡನ್ನು ಮೊದಲು ನೆಲದ ಮೇಲೆ ನಡೆದು, ಗಾಳಿಯಲ್ಲಿ ಕೈಯಿಂದ ಬರೆದು, ಕಪ್ಪುಹಲಗೆಗೆ ತಂದು, ಕೊನೆಗೆ ಕಾಗದಕ್ಕೆ ಇಳಿಸುವುದು. ನಂತರ ನಟ್ಟನಡುವೆ ಒಂದು ಲಂಬರೇಖೆ ಎಳೆದು ಎಡಗಡೆ ಮೇಷ್ಟ್ರು ಬರೆದ ಆಕಾರಕ್ಕೆ ಬಲಗಡೆಯ ಜೋಡಿ ಕೂಡಿಸುವುದು. ಗೆರೆಯ ವಿಷಯದಲ್ಲಿ ಅವರು ಜರ್ಮನಿಗಿಂತ ಹೆಚ್ಚು ನೆಚ್ಚಿದ್ದು ಸಾಗರದ ಕಡೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರವನ್ನು. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ರುಬ್ಬಿದ ಅಕ್ಕಿಯ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಅಕ್ಕಿಹಿಟ್ಟಿನ ಬಿಳಿ ಹಸಿಯಾಗಿದ್ದಾಗ ಸರಿಯಾಗಿ ಕಾಣುವುದಿಲ್ಲ, ಒಣಗುತ್ತಾ ಬೆಳ್ಳಗಾಗುತ್ತದೆ. ಹೊಸಬರು ಕಾಣಲಿಲ್ಲವೆಂದು ಅದೇ ಗೆರೆಯ ಮೇಲೆ ಮತ್ತೆ ಎಳೆದು ದಪ್ಪ ಮಾಡಿಬಿಡುತ್ತಾರೆ. ಕೈಯ ಮೇಲೆ ನಂಬಿಕೆ ಇಟ್ಟು ಮುಂದಕ್ಕೆ ಹೋಗಬೇಕು.

ಮಣ್ಣಿನ ಕೆಲಸಕ್ಕೆ ಇಲ್ಲಿಯ ಜಂಬಿಟ್ಟಿಗೆ ಮಣ್ಣು ಬಾರದು, ಕೆರೆಯ ಜೇಡಿಯೇ ಆಗಬೇಕು. ಮುಷ್ಟಿ ತುಂಬ ಮಣ್ಣನ್ನು ಉಂಡೆ ಮಾಡಿ, ಅದನ್ನೇ ಒತ್ತಿ ಎಳೆದು ಕಾಲು ಕೊಂಬು ತೆಗೆಯುವುದು. ಬೇರೆ ಮಾಡಿ ಅಂಟಿಸಿದ ಕಾಲು ಒಣಗಿದಾಗ ಉದುರುತ್ತದೆ.

ಹನ್ನೊಂದರ ಮೇಲೆ ತತ್ತ್ವಶಾಸ್ತ್ರದ ಮೇಡಂ ಬರುತ್ತಿದ್ದರು. ಒಂದು ದಿನ ಹೂಬಿಟ್ಟ ಸಾಸಿವೆ ಗಿಡ ತಂದು, ಬುಡದಿಂದ ತುದಿಯವರೆಗಿನ ಎಲೆಗಳನ್ನು ಬಿಡಿಸಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿಸಿದರು. ಬುಡದಲ್ಲಿ ಅಗಲವಾಗಿ ಸೀಳಿದ ಎಲೆ, ಮೇಲೆ ಹೋದಂತೆ ಕಿರಿದಾಗಿ ಸರಳವಾದ ಎಲೆ. ಕಣ್ಣು ಮುಚ್ಚಿ ಒಂದರಿಂದ ಇನ್ನೊಂದಕ್ಕೆ ಮನಸ್ಸಿನಲ್ಲೇ ಸಾಗಿ ಎಂದರು. ಜರ್ಮನ್ ಕವಿ ಗಯಟೆ 1790ರಲ್ಲಿ ಸಸ್ಯಗಳ ರೂಪಾಂತರದ ಬಗ್ಗೆ ಬರೆದದ್ದನ್ನೂ ಆ ಗಯಟೆಯ ವಿಜ್ಞಾನ ಬರಹಗಳನ್ನು ಸ್ಟೈನರ್ ಸಂಪಾದಿಸಿದ್ದನ್ನೂ ಹೇಳಿದ್ದು ಆಮೇಲೆ.

ಏಳು ವರ್ಷದವರೆಗೆ ಅನುಕರಣೆ, ಹದಿನಾಲ್ಕರವರೆಗೆ ಭಾವ ಮತ್ತು ಚಿತ್ರ, ಅಲ್ಲಿಂದ ಮುಂದೆ ವಿಚಾರ ಎಂಬ ಸ್ಟೈನರ್ ವಿಭಾಗವನ್ನು ಅವರು ಕಲಿಸಿದರು, ಅದನ್ನು ಅಳತೆಗೋಲು ಮಾಡಿಕೊಂಡು ಮಗುವನ್ನು ಅಳೆಯಬೇಡಿ ಎಂದೂ ಎಚ್ಚರಿಸಿದರು. ಅದರ ಪಕ್ಕದಲ್ಲೇ ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿ ಎಂಬ ಅಧ್ಯಾಯ. ಅನ್ನವೇ ಬ್ರಹ್ಮ ಎಂದುಕೊಂಡ ಭೃಗು ತಂದೆ ವರುಣನ ಹತ್ತಿರ ಬಂದರೆ, ಮತ್ತೆ ತಪಸ್ಸು ಮಾಡು ಎಂದು ತಂದೆ ಕಳುಹಿಸುತ್ತಾನೆ. ಪ್ರಾಣ, ಮನಸ್ಸು, ವಿಜ್ಞಾನ, ಆನಂದ, ಒಂದೊಂದನ್ನೂ ಮಗನೇ ಕಂಡುಕೊಳ್ಳಬೇಕು. ವರುಣ ಒಂದು ಸಲವೂ ಉತ್ತರ ಹೇಳುವುದಿಲ್ಲ. ಹಳದಿ ಸೀಸೆಯ ದಿನ ಮೇಷ್ಟ್ರು ಮಾಡಿದ್ದೂ ಇದೇ ಎಂದು ನಮಗೆ ಹೊಳೆದದ್ದು ಈ ಪಾಠದಲ್ಲಿ.

ತೀರ್ಥಹಳ್ಳಿ, ಹೊಸನಗರದ ಕಡೆ ಕೆಲವು ಹಳ್ಳಿ ಶಾಲೆಗಳಲ್ಲಿ ಇವತ್ತು ಮಕ್ಕಳು ಕಾಗದ ನೆನೆಸಿ ಬಣ್ಣ ಹಚ್ಚುತ್ತಿದ್ದಾರೆ, ಅದು ನಮ್ಮ ತಂಡದವರು ಹಚ್ಚಿದ ಅಭ್ಯಾಸ ಎಂದು ಹೆಮ್ಮೆಯಿಂದ ಹೇಳುತ್ತೇನೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮದಿಂದ ಬಿ.ಎಡ್. ಎರಡು ವರ್ಷವಾಯಿತು, ಶಿಕ್ಷಣದಲ್ಲಿ ನಾಟಕ ಮತ್ತು ಕಲೆ ಎಂಬ ವಿಷಯವೂ ಸೇರಿತು. ಸಂತೋಷವೇ. ಆದರೆ ಎಷ್ಟೋ ಕಡೆ ಅದು ರೆಕಾರ್ಡ್ ಪುಸ್ತಕ ತುಂಬಿಸುವ ಕೆಲಸವಾಗಿದೆ. ಒಬ್ಬರ ಚಿತ್ರ ನೋಡಿ ಹತ್ತು ಜನ ನಕಲು ಮಾಡಿ ಸಹಿ ಹಾಕಿಸಿಕೊಳ್ಳುತ್ತಾರೆ. 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟಿನಲ್ಲಿ ಪಂಚಕೋಶದ, ಅಂದರೆ ಅನ್ನದಿಂದ ಆನಂದದವರೆಗಿನ ಅದೇ ಐದು ಪದರಗಳ ಮಾತು ಬಂದಿದೆ. ಅದನ್ನು ಸ್ಲೈಡಿನಲ್ಲಿ ತೋರಿಸಿ ಮುಗಿಸಿದರೆ ಭೃಗುವಿಗೆ ಮೊದಲ ದಿನವೇ ಉತ್ತರ ಹೇಳಿಬಿಟ್ಟಂತೆ.

ಕಾಲೇಜಿಗೆ ನನ್ನ ಒಂದೇ ಕೋರಿಕೆ ವೇಳಾಪಟ್ಟಿಯದು. ನಲವತ್ತೈದು ನಿಮಿಷದ ಪಿರಿಯಡ್‌ನಲ್ಲಿ ಈ ಪಾಠ ನಡೆಯುವುದಿಲ್ಲ. ನೆನೆಸಿ ಹಾಸಲು ಇಪ್ಪತ್ತು ನಿಮಿಷ, ಬಣ್ಣಕ್ಕೆ ನಲವತ್ತು, ಮಾಡಿದ್ದನ್ನು ಸಾಲಾಗಿಟ್ಟು ನೋಡಲು ಹದಿನೈದು, ತೊಳೆದು ಎತ್ತಿಡಲು ಹದಿನೈದು. ಎರಡು ಪಿರಿಯಡ್ ಕೂಡಿಸಿ, ವಾರಕ್ಕೊಂದು ಸಲವಾದರೂ ಬೆಳಗಿನ ಹೊತ್ತಿನಲ್ಲೇ ಕೊಡಿ. ಕಾಗದ, ಹಲಗೆಗಳ ಖರ್ಚನ್ನು ಹಳೆಯ ವಿದ್ಯಾರ್ಥಿಗಳಾದ ನಾವು ನೋಡಿಕೊಳ್ಳುತ್ತೇವೆ.