ಕಾಲ್ಪೆಟ್ಟಿಗೆಯ ಮಂದ್ರ ಗಾಂಧಾರ

ಮೊನ್ನೆ ಹರಿಹರದ ಕಡೆಯ ಹಳ್ಳಿಯಿಂದ ಒಬ್ಬ ಡ್ರಾಮಾ ಮಾಸ್ತರು ಲಗೇಜ್ ಆಟೋದಲ್ಲಿ ಕಾಲ್ಪೆಟ್ಟಿಗೆ ಹೇರಿಕೊಂಡು ಮಂಡಿಪೇಟೆಯ ನನ್ನ ಹಾರ್ಮೋನಿಯಂ ರಿಪೇರಿ ಅಂಗಡಿಗೆ ಬಂದರು. ಕಾಲಲ್ಲಿ ತುಳಿದು ಗಾಳಿ ತುಂಬುವ ಹಾರ್ಮೋನಿಯಂ ಅದು. ಕಂಪನಿ ನಾಟಕ ನೋಡಿ ಬೆಳೆದ ದಾವಣಗೆರೆಯವರಿಗೆ ಅದರ ಪರಿಚಯ ಬೇಕಿಲ್ಲ. ಮಾಸ್ತರರ ಎರಡೂ ಕೈ ಸ್ವರದ ಮನೆಗಳ ಮೇಲೆ, ಕಾಲು ತುಳಿತದ ಮೇಲೆ, ಕಣ್ಣು ರಂಗದ ಮೇಲೆ.

'ಮಂದ್ರದ ಗಾಂಧಾರ ಸತ್ತೈತ್ರೀ. ಉಳಿದವು ಗೊರಗೊರ ಅಂತಾವೆ. ಮಂಗಳವಾರ ನಾಟ್ಕ ಐತಿ.'

ಬಿಚ್ಚಿದೆ. ತಿದಿಯ ಚರ್ಮಕ್ಕೆ ಇಲಿ ಹಲ್ಲು ಹಾಕಿತ್ತು. ಒಳಗೆ ಮೂರು ಮಂಡಕ್ಕಿ ಕಾಳು, ಒಂದು ಸತ್ತ ಜಿರಲೆ, ಯಾವ ಕಾಲದ್ದೋ ದುರ್ಯೋಧನನ ಪೋಷಾಕಿನಿಂದ ಉದುರಿದ ಒಂದು ಚಮಕಿ. ಮಂದ್ರ ಗಾಂಧಾರದ, ಅಂದರೆ ಕೆಳಗಿನ ಸ್ಥಾಯಿಯ 'ಗ' ಸ್ವರದ ಹಿತ್ತಾಳೆ ನಾಲಗೆ (ರೀಡು) ಬುಡದಲ್ಲಿ ಸೀಳಿತ್ತು.

ಇದನ್ನೆಲ್ಲ ಕಲಿಸಿದ್ದು ಅಪ್ಪ. ನಾಲಗೆಯ ತುದಿ ಅರದಿಂದ ಉಜ್ಜಿದರೆ ಸ್ವರ ಏರುತ್ತೆ, ಬುಡ ಕೆರೆದರೆ ಇಳಿಯುತ್ತೆ. ವಿದ್ಯೆ ಇಷ್ಟೇ, ಕೈ ಕೂರಲಿಕ್ಕೆ ಮಾತ್ರ ನನಗೆ ಆರು ವರ್ಷ ಹಿಡಿಯಿತು. ಒಂದೇ ಸ್ವರದ ಎರಡು ರೀಡು ಒಟ್ಟಿಗೆ ನುಡಿಸಿ ಕಿವಿಗೊಟ್ಟರೆ ನಡುವೆ ಒಂದು ಅಲೆ ಕೇಳುತ್ತೆ: ವಾಂವ್, ವಾಂವ್, ವಾಂವ್. ಉಜ್ಜುತ್ತಾ ಹೋದಂತೆ ಅಲೆ ನಿಧಾನವಾಗುತ್ತೆ, ಕೊನೆಗೆ ನಿಂತೇಬಿಡುತ್ತೆ. ಆಗ ಅರ ಕೆಳಗಿಡಬೇಕು. ಇನ್ನೊಂದೇ ಎಳೆ ಅಂತ ಆಸೆಪಟ್ಟು ನಾನು ಹಾಳು ಮಾಡಿದ ರೀಡುಗಳು ಒಂದು ಡಬ್ಬಿ ತುಂಬ ಇವೆ. ಪಿ.ಬಿ. ರಸ್ತೆಯ ಲಾರಿ ಸದ್ದು ಇಳಿಯುವ ತನಕ ಈ ಕೆಲಸಕ್ಕೆ ಕೈ ಹಾಕುವುದಿಲ್ಲ.

ರಾತ್ರಿ ಹೀಗೆ ಕೂತಿದ್ದಾಗ ಮಗಳು ಮೊಬೈಲಿನಲ್ಲಿ ಪ್ಯಾರಿಸ್ಸಿನ ಸೇಂಟ್ ಸುಲ್ಪೀಸ್ ಚರ್ಚಿನ ಪೈಪ್ ಆರ್ಗನ್, ಅಂದರೆ ಕೊಳವೆಗಳಿಗೆ ಗಾಳಿ ಊದಿ ನುಡಿಸುವ ವಾದ್ಯ, ತೋರಿಸಿದಳು. ಐದು ಸಾಲು ಮನೆಗಳು, ನೂರು ಸ್ಟಾಪು (ಒಂದೊಂದು ಬಗೆಯ ದನಿಯ ಕೊಳವೆಸಾಲು), ಸಾವಿರಾರು ಕೊಳವೆ. ಅತಿ ಕೆಳಗಿನ ಸ್ವರದ ಕೊಳವೆಗೆ ಮೂವತ್ತೆರಡಡಿ ಲೆಕ್ಕ. ನಮ್ಮ ಅಂಗಡಿ, ಅದರ ಮೇಲಿನ ಮಾಳಿಗೆ ಎರಡನ್ನೂ ತೂರಿಕೊಂಡು ಹೋಗಬೇಕು. 1862ರಲ್ಲಿ ಅದನ್ನು ಕಟ್ಟಿ ಮುಗಿಸಿದವನು ಅರಿಸ್ಟೀಡ್ ಕವಾಯೇ-ಕೋಲ್. ಅವನ ಅಪ್ಪ, ಅಜ್ಜ ಎಲ್ಲರೂ ಆರ್ಗನ್ ಕಟ್ಟುವವರೇ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಮೊದಲಿನ ಕಥೆ. ತುಲೂಸ್ ಎಂಬ ಊರಲ್ಲಿದ್ದಾಗ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ, ರೀಡುಗಳ ಒಂದು ಪೆಟ್ಟಿಗೆ ಮಾಡಿದ್ದ. ಪಾಯ್ಕಿಲೋರ್ಗ್ ಅಂತ ಹೆಸರು. ಕೊಳವೆಯೇ ಇಲ್ಲ, ಲೋಹದ ನಾಲಗೆ, ಗಾಳಿ, ಕಾಲಿನ ತುಳಿತ. ಅಂದರೆ ನಮ್ಮ ಕಾಲ್ಪೆಟ್ಟಿಗೆಯ ದೊಡ್ಡಪ್ಪ! ಆ ಊರಿಗೆ ಬಂದಿದ್ದ ಸಂಗೀತಗಾರ ರೊಸ್ಸೀನಿ ಅದನ್ನು ಕೇಳಿ ಪ್ಯಾರಿಸ್ಸಿಗೆ ಹೋಗು ಎಂದನಂತೆ. 1833ರಲ್ಲಿ ಹೋದ. ಹೋದ ಕೆಲವೇ ದಿನದಲ್ಲಿ ಸೇಂಟ್ ಡೆನಿಸ್ ಚರ್ಚಿನ ಆರ್ಗನ್ ಗುತ್ತಿಗೆ ಗಿಟ್ಟಿಸಿದ, ಇಪ್ಪತ್ತೆರಡನೇ ವಯಸ್ಸಿಗೆ. 'ಹಾರ್ಮೋನಿಯಂ' ಎಂಬ ಹೆಸರಿಗೆ ದಬೈನ್ ಎಂಬಾತ ಪೇಟೆಂಟ್ ಪಡೆದದ್ದು ಅದಾದ ಮೇಲೆ.

ಇನ್ನೊಂದು ವಿಷಯ ಓದಿ ಖುಷಿಯಾಯಿತು. ಪೈಪ್ ಆರ್ಗನ್ನಿನಲ್ಲಿ ಸೆಕೆಗೆ ನಾಲಗೆಯಿಲ್ಲದ ಕೊಳವೆಗಳ ಸ್ವರ ಏರುತ್ತಂತೆ, ಜೊತೆಗಿರುವ ನಾಲಗೆ ಕೊಳವೆಗಳು ಅಷ್ಟು ಏರುವುದಿಲ್ಲವಂತೆ. ಒಂದೇ ವಾದ್ಯದೊಳಗೆ ಅತ್ತೆ-ಸೊಸೆ ಜಗಳ. ದಾವಣಗೆರೆಯ ಏಪ್ರಿಲ್‌ನಲ್ಲಿ ಅಂಥದ್ದನ್ನು ಇಟ್ಟುಕೊಂಡರೆ ಶ್ರುತಿ ಮಾಡುವವನ ಗತಿ ಏನು? ನಮ್ಮ ಪೆಟ್ಟಿಗೆಯಲ್ಲಿ ಎಲ್ಲವೂ ನಾಲಗೆಯೇ, ಪುಣ್ಯ.

ನಾನು ಹೊಸದಾಗಿ ಏನನ್ನೂ ಕಟ್ಟಿದವನಲ್ಲ, ರಿಪೇರಿಯವನು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಹಾಕಿದಾಗಲೂ ಇದನ್ನು ಉಳಿಸಿಕೊಂಡದ್ದು ನಾಟಕದವರು, ಭಜನೆಯವರು. ಈಗ ಅವರಲ್ಲೂ ಅರ್ಧ ಜನ ಕೀಬೋರ್ಡಿಗೆ ಹೋಗಿದ್ದಾರೆ. ಹಗುರ, ಶ್ರುತಿ ಕೆಡುವುದಿಲ್ಲ, ಇಲಿ ಮೂಸಿಯೂ ನೋಡುವುದಿಲ್ಲ. ನಾನು ಬೈಯುವುದಿಲ್ಲ, ಆದರೆ ಕರೆಂಟು ಹೋದಾಗ ಒಳಗೊಳಗೇ ನಗುತ್ತೇನೆ.

ತಿದಿಗೆ ಹೊಸ ಚರ್ಮ ಅಂಟಿಸಿದೆ. ಗುಜರಾತಿನ ಪಾಲಿಟಾನಾ ಊರಿನ ರೀಡೊಂದು ಡಬ್ಬಿಯಲ್ಲಿತ್ತು, ಅಳತೆ ಕೂತಿತು, ಆದರೆ ಹಳೆಯ ರೀಡುಗಳ ಪಕ್ಕ ಅದರ ದನಿ ತುಸು ತೆಳುವು. ಮಾಸ್ತರರು ಸೋಮವಾರ ಬಂದು ತುಳಿದರು, ಸಾ ಹಿಡಿದು ಮೆಲ್ಲಗೆ ಕೆಳಕ್ಕಿಳಿದು ಗಾಂಧಾರದ ಮೇಲೆ ಬೆರಳು ನಿಲ್ಲಿಸಿದರು.

'ಮಾತಾಡ್ತೈತಿ. ಬ್ಯಾರೆ ಯಾರೋ ಮಾತಾಡಿದಂಗೆ ಐತಿ,' ಅಂದರು.

ನಾಟಕ ಮುಗಿದ ಮೇಲೆ ವಾಪಸು ತನ್ನಿ ಎಂದಿದ್ದೇನೆ. ಹಳೆಯ ರೀಡು ಹುಡುಕುತ್ತಿದ್ದೇನೆ.