ಕಫದ ಡಬ್ಬಿಯಲ್ಲೇ ತಪ್ಪಿಹೋಗುವ ಕ್ಷಯ

1960ರ ದಶಕದ ಮೊದಲಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯಲ್ಲಿ ಅಧ್ಯಯನ ಮಾಡಿದಾಗ, ಕ್ಷಯ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆ ಮೆಟ್ಟಿಲು ಹತ್ತಿ ಬಂದಿದ್ದರು. ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧಿ ಬಾಟಲಿ. ಈಗ ಸಿರಪ್ ಜೊತೆ ಲಿವೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆಯೂ ಸೇರುವುದುಂಟು. ಅದು ಕ್ಷಯಕ್ಕೂ ಅರೆಬರೆ ನಾಟುವುದರಿಂದ ಕೆಮ್ಮು ಕೆಲದಿನ ತಗ್ಗುತ್ತದೆ, ರೋಗಪತ್ತೆ ಮುಂದಕ್ಕೆ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಭಾರತದ ಹೊಸ ಪ್ರಕರಣಗಳು ಲಕ್ಷ ಜನರಿಗೆ 237ರಿಂದ (2015) 195ಕ್ಕೆ (2023) ಇಳಿದಿವೆ. 2025ಕ್ಕೆ ಶೇ 80ರಷ್ಟು ಇಳಿಸುವ ಗುರಿ ಇಟ್ಟುಕೊಂಡಿದ್ದ ದೇಶಕ್ಕೆ ಇದು ಏನೇನೂ ಸಾಲದು.

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಆದರೆ ಡಬ್ಬಿಗೆ ಬೀಳುವುದು ಎಷ್ಟೋ ಸಲ ಬರೀ ಎಂಜಲು. ನೀರಿನಲ್ಲಿ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ 2ರಿಂದ 5 ಮಿ.ಲೀ. ಕೊಡಬೇಕು, ಬಯಲಲ್ಲಿ, ಬೇರೆಯವರಿಂದ ದೂರ ನಿಂತು. ಬೆಳಗ್ಗೆ ಎದ್ದ ಕೂಡಲೇ ಬರುವ ಕಫ ಒಳ್ಳೆಯದು. ಕಫದಲ್ಲಿ ರೋಗಾಣುವಿನ ಜೀನ್ ಹುಡುಕುವ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಯಂತ್ರ, ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ರೋಗಾಣು ಬಗ್ಗದಿರುವುದನ್ನೂ ಕೆಲವೇ ಗಂಟೆಗಳಲ್ಲಿ ಹೇಳುತ್ತದೆ. ಆದರೆ ಎಂಜಲು ಹಾಕಿದರೆ ಯಂತ್ರವೇನು ಮಾಡೀತು? ಕೆಮ್ಮೇ ಇಲ್ಲದವರ ವಿಷಯ ಇನ್ನೂ ಕಷ್ಟ. 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎದೆಯ ಎಕ್ಸ್‌ರೇ ತೆಗೆಯದಿದ್ದರೆ ಸುಮಾರು ಶೇ 43 ರೋಗಿಗಳು ಕಣ್ತಪ್ಪುತ್ತಿದ್ದರು.

ಹಲವು ಔಷಧಿ ಒಂದರಲ್ಲೇ ಸೇರಿದ ಮಾತ್ರೆಯನ್ನು ಕೊಡುವುದು ರೋಗಿಯ ತೂಕದ ಲೆಕ್ಕದಲ್ಲಿ: 35–49 ಕೆ.ಜಿ.ಗೆ ದಿನಕ್ಕೆ ಮೂರು, 50–64ಕ್ಕೆ ನಾಲ್ಕು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು. ಚೇತರಿಸಿಕೊಂಡವರ ತೂಕ ಏರುತ್ತದೆ. ಮತ್ತೆ ತೂಗದಿದ್ದರೆ ಹೆಚ್ಚಿದ ತೂಕಕ್ಕೆ ಡೋಸ್ ಸಾಲದಾಗುತ್ತದೆ. ಔಷಧಿಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದನ್ನು ಮೊದಲೇ ಹೇಳಿಬಿಡಿ, ಇಲ್ಲವಾದರೆ ಹೆದರಿ ನಿಲ್ಲಿಸುತ್ತಾರೆ. ಆದರೆ ದೃಷ್ಟಿ ಮಂಜಾದರೆ, ಕಣ್ಣು ಹಳದಿಯಾದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು.

ಊಟದ ಮಾತು ಕೊನೆಗೆ ಬಂದರೂ ಚಿಕ್ಕದಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಮತ್ತು ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ರೋಗಿಯ ಮನೆಯವರಿಗೂ ಪಡಿತರ ಕೊಟ್ಟು ನೋಡಿತು: ತಲೆಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಆ ಮನೆಗಳಲ್ಲಿ ಹೊಸ ಕ್ಷಯ ಶೇ 39ರಷ್ಟು ಕಡಿಮೆಯಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶವಿದು. ಕ್ಷಯ ರೋಗಿಯ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಮೊತ್ತ 2024ರ ನವೆಂಬರ್‌ನಿಂದ ತಿಂಗಳಿಗೆ ₹1,000 ಆಗಿದೆ, ಅದು ರೋಗಿಗೆ ಮಾತ್ರ. ಮನೆಯವರ ಆಹಾರ ಕಿಟ್ ಇನ್ನೂ ದಾನಿಗಳನ್ನೇ ನೆಚ್ಚಿಕೊಂಡಿದೆ.