ಹಿತ್ತಿಲಲ್ಲಿ ಹಲಸಿನ ಹಲಗೆಯ ಅಟ್ಟಿ

17 ನವೆಂಬರ್ 2024, ಭಾನುವಾರ
ಸಾಗರದ ಹತ್ತಿರ, ಶಿವಮೊಗ್ಗ ಜಿಲ್ಲೆ

ಶುಕ್ರವಾರ ಸಂಜೆ ಮಿಲ್ಲಿನಿಂದ ಹಲಗೆ ಬಂದವು. ಜುಲೈ ಮಳೆಗೆ ಬುಡಸಮೇತ ಒರಗಿದ್ದ ಹಿತ್ತಿಲ ಹಲಸು ಅದು. ಕಾಗದಪತ್ರ, ಆಳು, ಪಿಕಪ್ಪು ಎಲ್ಲ ಹೊಂದುವಷ್ಟರಲ್ಲಿ ತುಳಸಿ ಹಬ್ಬವೂ ಮುಗಿದಿತ್ತು. ತಡವಾಯಿತು ಅಂತ ಮನೆಯಲ್ಲಿ ಎಲ್ಲರೂ ಗೊಣಗಿದರು. ನನಗೇನೂ ಬೇಜಾರಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಹಲಗೆ ಸೀಳಿಸಿಟ್ಟುಕೊಂಡು ಮಾಡುವುದೇನು? ಗಾಳಿಯೇ ನೀರು ಕುಡಿದು ಕೂತಿರುತ್ತದೆ. ಸುತ್ತಲಿನ ತೇವಾಂಶ ಶೇ. 90ರ ಹತ್ತಿರ ಇದ್ದರೆ ಮರದ ತೇವ ಶೇ. 20ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ, ಎಷ್ಟು ತಿಂಗಳು ಇಟ್ಟರೂ ಅಷ್ಟೇ. ಗಾಳಿಯ ತೇವಾಂಶ ಶೇ. 65ಕ್ಕೆ ಇಳಿದರೆ ಮರ ಶೇ. 12ರವರೆಗೆ ಇಳಿಯುತ್ತದೆ. ಹಾಗಾಗಿ ಹಲಗೆ ಪೇರಿಸಿ ಅಟ್ಟಿ ಮಾಡಿ ಒಣಗಿಸಲು ನಮಗೆ ಸಿಗುವುದು ಈಗಿನಿಂದ ಮೇವರೆಗಿನ ಕಾಲ ಮಾತ್ರ. ಅಡಿಕೆಗೂ ಅದೇ ಕಾಲ, ಹಲಗೆಗೂ ಅದೇ ಕಾಲ. ಆಳು ಸಿಗದೇ ಇರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾ?

ಹೊಸ ಹಲಗೆ ನೋಡಲಿಕ್ಕೆ ಬಹಳ ಚೆಂದ. ತಿರುಳೆಲ್ಲ ಅರಿಶಿನ ಬಣ್ಣ, ಸುತ್ತ ಒಂದೆರಡು ಇಂಚು ಬಿಳಿ ಅಂಚು. ತೊಗಟೆ ಉಳಿದ ಕಡೆ ಇನ್ನೂ ಮೇಣ ಅಂಟುತ್ತಿತ್ತು. ಇಳಿಸಿಕೊಂಡವರೆಲ್ಲ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಉಜ್ಜುತ್ತಾ ಕೂತರು. ಈ ಹಳದಿ ನಿಲ್ಲುವುದಿಲ್ಲ. ಬೆಳಕು ಬಿದ್ದು ಬಿದ್ದು ಕಂದು ಬಣ್ಣಕ್ಕೆ ತಿರುಗುತ್ತದೆ. ಅಜ್ಜನ ಕಾಲದ ನಮ್ಮ ದೇವರ ಕೋಣೆಯ ಬಾಗಿಲೂ ಹಲಸಿನದೇ. ಅದನ್ನು ನೋಡಿದರೆ ಎರಡೂ ಒಂದೇ ಜಾತಿಯ ಮರ ಅಂತ ಯಾರೂ ನಂಬುವುದಿಲ್ಲ.

ಗಾಡಿ ಇಳಿಸಿದ ಮೇಲೆ ಮಾಡಿದ ಮೊದಲ ಕೆಲಸ ತುದಿಗಳಿಗೆ ಬಣ್ಣ ಹಚ್ಚಿದ್ದು. ಕತ್ತಲಾಗಿತ್ತು, ಟಾರ್ಚ್ ಹಿಡಿದುಕೊಂಡೇ ಹಚ್ಚಿದೆವು. ಮರದ ನೀರು ಎಳೆಯ ಉದ್ದಕ್ಕೆ ಓಡುವಷ್ಟು ಬೇಗ ಅಡ್ಡಕ್ಕೆ ಓಡುವುದಿಲ್ಲ, ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಇದೆ. ಹಾಗೇ ಬಿಟ್ಟರೆ ತುದಿ ಮಾತ್ರ ಬೇಗ ಒಣಗಿ ಕುಗ್ಗುತ್ತದೆ. ನಡು ಇನ್ನೂ ಹಸಿಯಾಗಿ ಉಬ್ಬಿಕೊಂಡೇ ಇರುತ್ತದೆ. ಆ ಜಗ್ಗಾಟದಲ್ಲಿ ತುದಿ ಸೀಳುತ್ತದೆ. ಹಳೆಯ ಎನಾಮೆಲ್ ಪೇಂಟು ಡಬ್ಬದಲ್ಲಿ ಉಳಿದಿತ್ತು, ಎರಡು ಕೋಟ್ ಆಯಿತು. ಮೇಣದಬತ್ತಿಯ ಮೇಣ ಕರಗಿಸಿ ಹಚ್ಚಿದರೆ ಇನ್ನೂ ಒಳ್ಳೆಯದು. ಹಿಂದೆ ಸಗಣಿ ಮಣ್ಣು ಕಲಸಿ ಮೆತ್ತುತ್ತಿದ್ದರು, ಅದೂ ಇದೇ ಕೆಲಸ ಮಾಡುತ್ತದೆ. ಯಾವುದಾದರೂ ಸರಿ, ನಾಳೆ ಮಾಡಿದರಾಯಿತು ಅನ್ನಬಾರದು. ಕೂದಲೆಳೆಯಷ್ಟು ಬಿರುಕು ಒಮ್ಮೆ ಬಿಟ್ಟಿತು ಅಂದರೆ ಮೇಲೆ ಬಣ್ಣ ಹಚ್ಚಿ ಪ್ರಯೋಜನವಿಲ್ಲ.

ನಿನ್ನೆ ಪೂರ್ತಿ ಜಾಗದ ಕೆಲಸ. ಮಾವನವರ ಪ್ರಕಾರ ಅಂಗಳಕ್ಕಿಂತ ಒಳ್ಳೆ ಜಾಗ ಇಲ್ಲ. "ಅಡಿಕೆ ಒಣಗುವ ಅಂಗಳದಲ್ಲಿ ಹಲಗೆ ಒಣಗೋದಿಲ್ವಾ?" ಅಂದರು. ಒಣಗುತ್ತದೆ, ಹಲಸಿನ ಹಪ್ಪಳ ಕಡು ಬಿಸಿಲಿಗೆ ಅಂಚು ಮುರುಟಿಕೊಂಡ ಹಾಗೆ ಒಣಗುತ್ತದೆ. ಹಪ್ಪಳವನ್ನಾದರೆ ಎಣ್ಣೆಗೆ ಬಿಟ್ಟರೆ ಮುಗಿಯಿತು. ಏಳು ಅಡಿಯ ಬಾಗಿಲ ಹಲಗೆ ಮುರುಟಿಕೊಂಡರೆ ಏನು ಮಾಡುವುದು? ಹಲಗೆಗೆ ಬೇಕಾದದ್ದು ನೆರಳು ಮತ್ತು ಆಡುವ ಗಾಳಿ. ಬಿಸಿಲಿಲ್ಲದಿದ್ದರೂ ನಡೆಯುತ್ತದೆ.

ಕೊನೆಗೆ ಕೊಟ್ಟಿಗೆಯ ಹಿಂದಿನ ದಿಬ್ಬ ಗಟ್ಟಿಯಾಯಿತು. ಮಧ್ಯಾಹ್ನದ ನಂತರ ಮಾವಿನ ಮರದ ನೆರಳು ಬರುತ್ತದೆ. ಈ ದಿನಗಳಲ್ಲಿ ಬಯಲುಸೀಮೆ ಕಡೆಯಿಂದ ಬೀಸುವ ಒಣ ಮೂಡುಗಾಳಿಯೂ ಅಲ್ಲಿಗೆ ಸಿಗುತ್ತದೆ. ಹಲಗೆ ಮಲಗಿದ್ದು ಉತ್ತರ ದಕ್ಷಿಣಕ್ಕೆ. ಆಗ ನಡುವಿನ ಸಂದುಗಳು ಪೂರ್ವ ಪಶ್ಚಿಮಕ್ಕೆ ತೆರೆದುಕೊಳ್ಳುತ್ತವೆ, ಗಾಳಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುತ್ತದೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನಲ್ಲ, ಆ ಕಡೆಯ ತುದಿಗೆ ಗೋಣಿಚೀಲ ಇಳಿಬಿಟ್ಟಿದ್ದೇನೆ. ತುದಿಗೆ ಮಾತ್ರ. ಪಕ್ಕಗಳಿಗೆ ಏನನ್ನೂ ಕಟ್ಟಿಲ್ಲ.

ತಳಕ್ಕೆ ಜಂಬಿಟ್ಟಿಗೆ ಕಲ್ಲು. ನೆಲದಿಂದ ಒಂದೂವರೆ ಅಡಿ ಎತ್ತರ. ಕಲ್ಲಿನ ಮೇಲೆ ಅಂಚು ಕೆಳಗೆ ಬಾಗಿಸಿದ ತಗಡಿನ ತುಂಡು, ಅದರ ಮೇಲೆ ಹಳೇ ಮನೆಯ ತೊಲೆ. ತಗಡು ಇಟ್ಟ ಮಾತ್ರಕ್ಕೆ ಗೆದ್ದಲು ಬರುವುದಿಲ್ಲ ಅಂತ ಅಲ್ಲ. ಬಂದರೆ ಆ ಅಂಚನ್ನು ಸುತ್ತಿಕೊಂಡೇ ಮಣ್ಣಿನ ಗೂಡು ಕಟ್ಟಬೇಕು, ಆಗ ನಮ್ಮ ಕಣ್ಣಿಗೆ ಬೀಳುತ್ತದೆ. ವಾರಕ್ಕೊಮ್ಮೆ ಬಗ್ಗಿ ನೋಡಿ ಒರೆಸಿ ಹಾಕಿದರಾಯಿತು. ಜಂಬಿಟ್ಟಿಗೆಯಂತೂ ತೂತು ತೂತು, ಒಳಗೊಳಗೇ ಹತ್ತಿ ಬಂದರೆ ಗೊತ್ತೇ ಆಗುವುದಿಲ್ಲ. ತೊಲೆಗಳನ್ನು ದಾರ ಹಿಡಿದು, ಮಟ್ಟಗೋಲಿಟ್ಟು ಸಮ ಮಾಡಲು ಅರ್ಧ ದಿನವೇ ಹೋಯಿತು. ಇಲ್ಲಿ ಅರ್ಧ ಇಂಚು ಸೊಟ್ಟಗಿದ್ದರೆ ಮೇಲಿನ ಅಷ್ಟೂ ಹಲಗೆ ಅದೇ ಸೊಟ್ಟ ಕಲಿತು ಒಣಗುತ್ತವೆ.

ಇವತ್ತು ಬೆಳಿಗ್ಗೆ ಮರಗೆಲಸದ ಆಚಾರರು ಬಂದರು, ಪೇರಿಸುವುದು ಶುರುವಾಯಿತು. ಗಾಳಿ ಆಡಲಿ ಅಂತ ಹಲಗೆ ಸಾಲುಗಳ ನಡುವೆ ಇಡಲು ಹಂಚಿನ ಮಾಡು ಬಿಚ್ಚಿದಾಗ ಉಳಿದ ರೀಪು ಪಟ್ಟಿ. ದಪ್ಪ ಒಂದಿಂಚು. ವರ್ಷಾನುಗಟ್ಟಲೆ ಹಂಚಿನ ಕೆಳಗೆ ಒಣಗಿದ್ದು, ಇದಕ್ಕಿಂತ ಒಳ್ಳೆ ಪಟ್ಟಿ ಎಲ್ಲಿ ಸಿಗಬೇಕು? ಹಸಿ ಪಟ್ಟಿ ಇಟ್ಟರೆ ಹಲಗೆಯ ಮೇಲೆ ಅಡ್ಡಕ್ಕೆ ಕಪ್ಪು ಕಲೆ ಬೀಳುತ್ತದೆ, ಆಮೇಲೆ ರಂದ ಹೊಡೆದರೂ ಹೋಗುವುದು ಕಷ್ಟ. ಅಡಿಕೆ ದಬ್ಬೆ ಬೇಕಾದಷ್ಟಿದೆ, ಅದನ್ನೇ ಹಾಕೋಣ ಅಂತ ಒಬ್ಬರು ಅಂದರು. ಒಂದು ಕಡೆ ದಪ್ಪ ಒಂದು ಕಡೆ ತೆಳು, ನಾನು ಬೇಡ ಅಂದೆ. ಎಲ್ಲ ಪಟ್ಟಿಯೂ ಒಂದೇ ದಪ್ಪ ಇರಬೇಕು.

ಏಳು ಅಡಿ ಹಲಗೆಗೆ ಐದು ಪಟ್ಟಿ. ಎರಡು ತುದಿಗೆ ಸರಿಯಾಗಿ ಎರಡು, ನಡುವೆ ಮೂರು. ಅಲ್ಲಿಗೆ ಪಟ್ಟಿಯಿಂದ ಪಟ್ಟಿಗೆ ಹೆಚ್ಚೂಕಮ್ಮಿ ಒಂದೂಮುಕ್ಕಾಲು ಅಡಿ. ಒಂದು ಸಾಲು ಹಲಗೆ, ಹಲಗೆಗಳ ನಡುವೆ ಒಂದು ಹೆಬ್ಬೆರಳು ಸಂದು, ಮೇಲೆ ಐದು ಪಟ್ಟಿ, ಮತ್ತೆ ಹಲಗೆ. ಪಟ್ಟಿಯ ಮೇಲೇ ಪಟ್ಟಿ ಕೂರಬೇಕು, ಕೆಳಗಿನ ತೊಲೆವರೆಗೂ ನೇರ ಕಂಬ ನಿಂತ ಹಾಗೆ. ಎರಡು ಇಂಚು ಆಚೀಚೆ ಸರಿದರೂ ಮೇಲಿನ ಭಾರ ಹಲಗೆಯ ನಡುವೆ ಬೀಳುತ್ತದೆ, ಅಲ್ಲಿ ಬಾಗುತ್ತದೆ. ಆಚಾರರು ಪ್ರತಿ ಸಾಲಿಗೂ ಒಂದು ಕಣ್ಣು ಮುಚ್ಚಿ ತುದಿಯಿಂದ ನೋಡುವರು, "ಮೂರನೇದು ಒಳಗೆ, ಸ್ವಲ್ಪ ಸಾಕು" ಅನ್ನುವರು. ಅಗಲ ನಾಲ್ಕು ಅಡಿಗೆ ನಿಲ್ಲಿಸಿದೆವು. ಅದಕ್ಕಿಂತ ಅಗಲ ಮಾಡಿದರೆ ನಟ್ಟನಡುವಿನ ಹಲಗೆಗೆ ಗಾಳಿ ಮುಟ್ಟುವುದಿಲ್ಲ.

ಒಳ್ಳೊಳ್ಳೆ ಅಗಲದ ಹಲಗೆಗಳು ಕೆಳಗೆ, ಗಂಟು ಇರುವವು ಮೇಲೆ. ಕೆಳಗಿನವನ್ನು ಮೇಲಿನ ಭಾರವೇ ಹಿಡಿದಿಡುತ್ತದೆ. ಎಲ್ಲಕ್ಕಿಂತ ಮೇಲಿನ ಸಾಲಿಗೆ ಹಿಡಿಯುವವರಿಲ್ಲ, ಅದಕ್ಕೇ ಪಟ್ಟಿಗಳ ನೇರಕ್ಕೆ ಕಲ್ಲು ಹೇರಿದ್ದೇವೆ. ಅಷ್ಟಾದರೂ ಕುಗ್ಗುವುದು ತಪ್ಪುವುದಿಲ್ಲ. ವಯಸ್ಸಿನ ಉಂಗುರದ ಗುಂಟ ಮರ ಎಷ್ಟು ಕುಗ್ಗುತ್ತದೋ, ಉಂಗುರಕ್ಕೆ ಅಡ್ಡವಾಗಿ ಅದರ ಅರ್ಧದಷ್ಟೇ. ಉದ್ದದಲ್ಲಿ ಲೆಕ್ಕಕ್ಕೇ ಇಲ್ಲ. ದಿಮ್ಮಿಯ ಅಂಚಿನಿಂದ ಬಂದ ಹಲಗೆ ಬಟ್ಟಲಿನಂತೆ ಬಾಗುವುದು ಇದರಿಂದಲೇ. ಒಂದಡಿ ಅಗಲದ ಹಸಿ ಹಲಗೆ ಒಣಗುವಾಗ ಅರ್ಧ ಇಂಚಿನವರೆಗೂ ಹೋಗಬಹುದು ಅಂತ ಲೆಕ್ಕ ಇಟ್ಟುಕೊಂಡೇ ಜಾಸ್ತಿ ಅಗಲ ಸೀಳಿಸಿದ್ದು.

ಮಾಡಿನ ವಿಷಯದಲ್ಲಿ ಆಚಾರರಿಗೂ ನನಗೂ ಸ್ವಲ್ಪ ವಾದವಾಯಿತು. ಸುತ್ತ ಸೋಗೆ ತಟ್ಟಿ ಕಟ್ಟಿ ಮುಚ್ಚಿಬಿಡೋಣ, ಮಂಜು ಬೀಳುತ್ತದೆ ಅಂತ ಅವರು. ಮುಚ್ಚಿದರೆ ಆಗುವುದೇನು ಅಂತ ನಾವಿಬ್ಬರೂ ನೋಡಿದ್ದೇವೆ. ಹೋದ ವರ್ಷ ಕೆಳಗಿನ ಕೇರಿಯ ಒಂದು ಮನೆಯಲ್ಲಿ ನಂದಿಮರದ ಹಲಗೆಗೆ ನೀಲಿ ಟಾರ್ಪಾಲು ನೆಲದವರೆಗೂ ಸುತ್ತಿ ಹಗ್ಗ ಬಿಗಿದಿದ್ದರು. ಬಿಚ್ಚಿದಾಗ ಟಾರ್ಪಾಲಿನ ಒಳಮೈಯೆಲ್ಲ ನೀರಿನ ಹನಿ, ಹಲಗೆ ತುಂಬ ಬಿಳಿ ಬೂಷ್ಟು. ಮರದಿಂದ ಹೊರಟ ನೀರಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ, ಮರಕ್ಕೇ ವಾಪಸ್ ಬಂತು. ಇದನ್ನು ನೆನಪಿಸಿದ ಮೇಲೆ ಆಚಾರರು ಒಪ್ಪಿದರು. ಮಂಜು ರಾತ್ರಿ ಮೇಲುಮೇಲೆ ನೆನೆಸುತ್ತದೆ, ಬೆಳಿಗ್ಗೆ ಗಾಳಿಗೆ ಹೋಗುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ.

ಹಾಗಾಗಿ ಅಡಿಕೆ ಮರದ ನಾಲ್ಕು ಕಂಬ, ಪಶ್ಚಿಮಕ್ಕೆ ಇಳಿಜಾರು, ಹಳೆಯ ಜಿಂಕ್ ಶೀಟು. ಅಟ್ಟಿಯ ಎಲ್ಲ ಕಡೆಯೂ ಒಂದೂವರೆ ಅಡಿ ಹೊರಚಾಚಿದೆ. ಶೀಟಿಗೂ ಮೇಲಿನ ಹಲಗೆಗೂ ನಡುವೆ ಒಂದಡಿ ಬಯಲು. ಶೀಟು ಕಾದು ಮೇಲಿನ ಸಾಲು ಸೀಳದಿರಲಿ ಅಂತ ಅದರ ಮೇಲೊಂದು ಪದರ ಸೋಗೆ ಹೊದಿಸಿದ್ದಾಯಿತು. ಸೋಗೆಯಿಂದ ಇನ್ನೊಂದು ಲಾಭ ಇದೆ, ಮಂಗ ಹಾರಿದಾಗ ಆಗುವ ಸದ್ದು ಕಮ್ಮಿ. ಮಧ್ಯಾಹ್ನ ನಾವು ಊಟಕ್ಕೆ ಎದ್ದು ಹೋದ ಹೊತ್ತಿನಲ್ಲೇ ಒಂದು ಗುಂಪು ಬಂದು ಮಾಡಿನ ಗಟ್ಟಿ ಪರೀಕ್ಷೆ ಮಾಡಿ ಹೋಗಿದೆ. ಎರಡು ಸೋಗೆ ಕೆಳಗಿತ್ತು. ನಾಳೆ ಹಗ್ಗ ಹಾಕಿ ಕಟ್ಟಬೇಕು.

ಒಣಗಿದ್ದು ಗೊತ್ತಾಗುವುದು ಹೇಗೆ? ಆಚಾರರು ಗೆಣ್ಣಿನಿಂದ ಬಡಿದು ಸದ್ದು ಕೇಳಿ ಹೇಳುತ್ತಾರೆ. ನನ್ನ ಕಿವಿ ಅಷ್ಟು ಪಳಗಿಲ್ಲ, ತಕ್ಕಡಿಯನ್ನೇ ನಂಬುತ್ತೇನೆ. ಒಂದು ಹಲಗೆಯ ನಡುವಿನಿಂದ ಎರಡು ಅಡಿ ತುಂಡು ತೆಗೆದು, ಎರಡೂ ತುದಿಗೆ ಬಣ್ಣ ಬಳಿದು ತೂಗಿದೆ. 4 ಕೆಜಿ 180 ಗ್ರಾಂ. ಅದರ ಪಕ್ಕದಿಂದಲೇ ಒಂದಿಂಚಿನ ಚೂರು ಕತ್ತರಿಸಿದ್ದೆ, 180 ಗ್ರಾಂ ಇತ್ತು. ಕೇಕ್ ಮಾಡುವ ಓವನ್ನಿನಲ್ಲಿ 100 ಡಿಗ್ರಿ ಚಿಲ್ಲರೆ ಶಾಖದಲ್ಲಿ ನಿನ್ನೆಯಿಂದ ಇಟ್ಟು, ತೂಕ ಇಳಿಯುವುದು ನಿಂತ ಮೇಲೆ ನೋಡಿದರೆ 102 ಗ್ರಾಂ. ಹೋದ ನೀರು 78 ಗ್ರಾಂ. ಅದನ್ನು ಒಣ ತೂಕಕ್ಕೆ ಭಾಗಿಸಿದರೆ ಶೇ. 76. ಒಣ ತೂಕದ ಮೇಲೆ ಲೆಕ್ಕ ಹಾಕುವುದರಿಂದ ಕೆಲವು ಹಸಿಮರಗಳಲ್ಲಿ ಇದು ನೂರು ದಾಟುವುದೂ ಉಂಟು. ಹಾಗೆ ನೋಡಿದರೆ ದೊಡ್ಡ ತುಂಡಿನ ಒಣ ತೂಕ 2 ಕೆಜಿ 370 ಗ್ರಾಂ ಆಗಬೇಕು. ಅದು 2 ಕೆಜಿ 720 ಗ್ರಾಂಗೆ ಬಂದ ದಿನ ಅಟ್ಟಿಯ ತೇವ ಶೇ. 15. ಎಳೆದು ತೆಗೆದು ಮತ್ತೆ ತೂರಿಸಲು ಅನುಕೂಲವಾಗುವ ಹಾಗೆ ಆ ತುಂಡನ್ನು ಅಟ್ಟಿಯ ಪಕ್ಕದಲ್ಲೇ ಒಂದು ಗೂಡು ಬಿಟ್ಟು ಇಟ್ಟಿದ್ದೇನೆ. ಮನೆಯವರಿಗೆ ತಮಾಷೆ. ಓವನ್ನಿನಲ್ಲಿ ಏನು ಬೇಯುತ್ತಿದೆ ಅಂತ ಮಗಳು ಬಾಗಿಲು ತೆರೆದು ನೋಡಿ, ಮಾತಾಡದೆ ಮುಚ್ಚಿ ಹೋದಳು.

ಒಂದಿಂಚು ದಪ್ಪಕ್ಕೆ ಒಂದು ವರ್ಷ ಅನ್ನುವ ಮಾತೊಂದಿದೆ. ಅದು ಹೆಚ್ಚಾಗಿ ಚಳಿ ದೇಶದವರ ಲೆಕ್ಕ, ನಮ್ಮ ಬೇಸಿಗೆಯಲ್ಲಿ ಅಷ್ಟು ಬೇಕಾಗಲಿಕ್ಕಿಲ್ಲ. ನಮ್ಮದು ಒಂದೂವರೆ ಇಂಚು. ಮೇ ತಿಂಗಳ ಗುಡುಗಿನ ಮಳೆ ಬಲಿಯುವ ಮೊದಲು ಏನಾಗಿದೆಯೋ ಆಗಲಿ, ಅಲ್ಲಿಂದ ಎತ್ತಿ ಅಡುಗೆಮನೆಯ ಅಟ್ಟಕ್ಕೆ, ಇವೇ ಪಟ್ಟಿಗಳ ಮೇಲೆ. ಮಳೆಗಾಲವಿಡೀ ಕೆಳಗೆ ಒಲೆ ಉರಿಯುತ್ತಿರುತ್ತದೆ. ಹೊರಗೇ ಬಿಟ್ಟರೆ ಬೇಸಿಗೆಯಿಡೀ ಕಳೆದುಕೊಂಡ ತೇವವನ್ನು ಆಷಾಢದಲ್ಲಿ ವಾಪಸ್ ಹೀರಿಕೊಂಡು ಕೂರುತ್ತದೆ.

ಮಾವನವರು ಇನ್ನೊಂದು ಮಾತು ಹೇಳಿದರು. ಅವರ ಅಪ್ಪ ಸೀಳುವ ಮೊದಲು ದಿಮ್ಮಿಯನ್ನು ಕೆರೆಯಲ್ಲಿ ಮುಳುಗಿಸಿ ಇಡುತ್ತಿದ್ದರಂತೆ. ಅದರಲ್ಲಿ ಹುರುಳಿದೆ. ನೀರಿನಲ್ಲಿ ಇಟ್ಟರೆ ಮರದ ರಸದಲ್ಲಿನ ಸಿಹಿ ತೊಳೆದು ಹೋಗುತ್ತದೆ, ಮರ ಕೊರೆಯುವ ಕುಟ್ಟೆ ಹುಳ ಹಿಡಿಯುವುದು ಕಮ್ಮಿಯಾಗುತ್ತದೆ. ನಮ್ಮ ಕೆರೆಯಲ್ಲಿ ಈಗ ಹೂಳು ಮೊಣಕಾಲುದ್ದ, ನೀರು ಪಾದ ಮುಳುಗುವಷ್ಟು. ಅದಕ್ಕೆ ಬಿಳಿ ಅಂಚಿಗೆ ಮಾತ್ರ ಬೋರಾಕ್ಸ್, ಬೋರಿಕ್ ಆಸಿಡ್ ಕಲಸಿದ ನೀರು ಬಳಿದಿದ್ದೇವೆ. ಹುಳಕ್ಕೆ ಇಷ್ಟ ಆ ಭಾಗವೇ, ಒಳಗಿನ ಹಳದಿ ಚೇಗಿಗೆ ಅದು ಬಾಯಿ ಹಾಕುವುದು ಅಪರೂಪ.

ದಿಮ್ಮಿಯ ಹೊರಮೈಯ ಸೀಳುಗಳು, ತೊಗಟೆ ಇರುವವು, ಒಂದು ರಾಶಿ ಬಿದ್ದಿವೆ. ಅಟ್ಟಿಯ ಕೆಳಗೇ ತುಂಬಿಡೋಣ, ಜಾಗ ಸುಮ್ನೆ ಖಾಲಿ ಇದೆಯಲ್ಲ ಅಂತ ಒಬ್ಬರು ಅಂದರು. ಗಾಳಿ ಹೋಗಲಿ ಅಂತ ಬಿಟ್ಟ ಜಾಗ ಅದು. ಮೇಲಾಗಿ ಹುಳ ಮೊದಲು ಮನೆ ಮಾಡುವುದೇ ತೊಗಟೆಯ ಅಡಿಯಲ್ಲಿ. ಅಷ್ಟನ್ನೂ ಬಚ್ಚಲೊಲೆಯ ಹತ್ತಿರ ಸಾಗಿಸಿದ್ದಾಯಿತು, ಈ ವಾರದಿಂದ ಸ್ನಾನದ ನೀರಿಗೆ ಅದೇ. ಅಗಲದ ಎರಡು ಸೀಳನ್ನು ಮಾತ್ರ ಆಚಾರರು ತಮಗೆ ಬೇಕು ಅಂತ ಸೈಕಲ್ಲಿಗೆ ಕಟ್ಟಿಕೊಂಡು ಹೋದರು. ಏನಕ್ಕೆ ಅಂತ ಕೇಳಿದರೆ, "ಮಾಡಿದ ಮೇಲೆ ನೋಡಿ" ಅಂದರು.